ಸಾಮಿಲ್ಲಿನ ಎಂಜಿನ್

೧೯೬೨ರ ಮಾರ್ಚಿನ ಒಂದು ಬೆಳಿಗ್ಗೆ ಶಿವಮೊಗ್ಗದಲ್ಲಿ ನಮ್ಮ ಪತ್ತೇದಾರ ಉಜ್ಜನಪ್ಪನವರ ಜಗಲಿಯ ಮೇಲೆ ಹಾಲಮ್ಮ ಕುಸಿದು ಕೂತಳು. ಅವರ ಸಹಾಯಕನಾದ ನಾನು ನೀರು ಕೊಟ್ಟೆ.

"ಸ್ವಾಮಿ, ಭದ್ರಾವತಿ ಸಾಮಿಲ್ಲಿನ ಎಂಜಿನ್ನೇ ಕಾಣ್ತಿಲ್ಲ! ಕೋರ್ಟಿನ ಅಮೀನರು ಜಪ್ತಿಗೆ ಬಂದು ನಿಂತಿದಾರೆ. ವಾರಂಟಿನ ವಾಯಿದೆ ಇವತ್ತೇ ಮುಗಿಯುತ್ತೆ."

ಅವಳ ಗಂಡ ಭೂತಪ್ಪ ಆ ಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದವನು. ಮಿಲ್ಲು ಮುಚ್ಚಿದ ಮೇಲೆ ಕೆಲಸಗಾರರ ಹನ್ನೊಂದು ತಿಂಗಳ ಬಾಕಿ ಸಂಬಳ ಕೊಡಿಸಲು ಕೋರ್ಟಿನ ಡಿಕ್ರಿಯಾಗಿ ವರ್ಷ ದಾಟಿತ್ತು; ಎಂಜಿನ್ ಹರಾಜಾದರೇ ಹಣ. ಈಗ ಅವನು ಎದೆಯ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದ, ಇಂಜೆಕ್ಷನ್ನಿಗೆ ಕಾಸಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ನಾವು ಮಿಲ್ಲಿನಲ್ಲಿದ್ದೆವು. ಮಿಲ್ಲಿನ ಒಡೆಯ ಸಾಹುಕಾರ ಪರಮೇಶ್ವರಪ್ಪ ಆಗಷ್ಟೇ ಬಂದಿದ್ದರು.

"ನಾನು ಮೂರು ದಿನದಿಂದ ಸೋಗಾನೆ ಹಳ್ಳೀಲಿದ್ದೆ. ನನಗೇನು ಗೊತ್ತು?"

"ಎಂಜಿನ್ನಿಗೆ ಕಾಲು ಬಂತಾ ಸಾಹುಕಾರ್ರೆ?" ಎಂದಳು ಹಾಲಮ್ಮ.

ಫಿಟ್ಟರ್ ಧರ್ಮಪ್ಪ ದೂರದಲ್ಲಿ ತಲೆತಗ್ಗಿಸಿ ನಿಂತಿದ್ದ. ಡಿಕ್ರಿಯಲ್ಲಿ ಅವನ ಸಂಬಳವೂ ಇತ್ತು.

ಉಜ್ಜನಪ್ಪ ಎಂಜಿನ್ ಕೂರಿಸಿದ್ದ ಸಿಮೆಂಟು ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕೂತರು. ನಾಲ್ಕು ಬೋಲ್ಟುಗಳಿಗೂ ಗ್ರೀಸು ಹಚ್ಚಿ, ಗೋಣಿಬಟ್ಟೆ ಸುತ್ತಲಾಗಿತ್ತು. ಗೇಟಿನ ಧೂಳಿನಲ್ಲಿ ಗಾಡಿಯ ಗುರುತಿರಲಿಲ್ಲ. ಹಿತ್ತಿಲಿನ ಮರದ ಪುಡಿಯ ರಾಶಿ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಒಂದು ಮಗ್ಗುಲು ಮಾತ್ರ ಕೆಂಪಗಿತ್ತು. ಪಕ್ಕದಲ್ಲೇ ನಾಲ್ಕಾರು ದುಂಡು ಮರದ ತುಂಡುಗಳು ಬಿದ್ದಿದ್ದವು.

ಅವರು ಎಲ್ಲರನ್ನೂ ದಿಮ್ಮಿಗಳ ಮೇಲೆ ಕೂರಿಸಿದರು.

"ಗಾಡಿ ಬಂದಿಲ್ಲ, ಅಂದ್ರೆ ಎಂಜಿನ್ ಇಲ್ಲೇ ಇದೆ. ಪುಡಿಯ ರಾಶಿ ಹೊರಗೆ ಬೂದಿ, ಒಳಗೆ ಕೆಂಪು. ಆ ಮಗ್ಗುಲನ್ನ ಯಾರೋ ನಿನ್ನೆ ಅಗೆದು ಮುಚ್ಚಿದಾರೆ. ದುಂಡು ತುಂಡು ಇಟ್ಟು ಉರುಳಿಸೋದು ಗೊತ್ತಿದ್ರೆ ಒಬ್ಬನೇ ಸಾಕು. ಕದಿಯೋನು ಬೋಲ್ಟಿಗೆ ಗ್ರೀಸು ಹಚ್ತಾನಾ? ಮತ್ತೆ ಅಲ್ಲೇ ಕೂರಿಸ್ತೀನಿ ಅನ್ನೋನು ಹಚ್ತಾನೆ. ಸಾಹುಕಾರ್ರಿಗೆ ಸ್ಪ್ಯಾನರ್ ಹಿಡಿಯೋಕೂ ಬರಲ್ಲ. ಧರ್ಮಪ್ಪ, ಎಷ್ಟು ವರ್ಷದಿಂದ ನೋಡ್ಕೊಂಡಿದೀಯ ಅದನ್ನ?"

"ಹದಿನಾರು, ಸ್ವಾಮಿ," ಎಂದ. ಅವನ ಕಣ್ಣು ತುಂಬಿತು.

"ನಿನ್ನ ಸಂಬಳವೂ ಅದರಿಂದಲೇ ಬರಬೇಕಿತ್ತಲ್ಲೋ ಮಾರಾಯ!"

"ಎಂಜಿನ್ ಹೋದ್ರೆ ಮಿಲ್ಲೇ ಹೋಯ್ತಲ್ಲ ಸ್ವಾಮಿ. ಯುಗಾದಿ ಕಳೀಲಿ, ಮತ್ತೆ ಶುರು ಮಾಡ್ತೀನಿ ಅಂದಿದ್ರು ಸಾಹುಕಾರ್ರು. ಆಮೇಲೆ ಎಲ್ಲರಿಗೂ ಕೆಲಸ ಇರುತ್ತಲ್ಲ ಅಂತ..."

ಎಲ್ಲರೂ ಪರಮೇಶ್ವರಪ್ಪನವರತ್ತ ನೋಡಿದೆವು. ಅವರು ನೆಲ ನೋಡಿದರು.

"ಜಾಗ ಹೋದ ತಿಂಗಳೇ ಮಾರಿಬಿಟ್ಟೆ, ಧರ್ಮಪ್ಪ."

ಧರ್ಮಪ್ಪ ಎದ್ದು ಹೋಗಿ ಎರಡೂ ಕೈಯಿಂದ ಪುಡಿ ಬಗೆಯತೊಡಗಿದ.

ಅಮೀನ ಮೂರ್ತಪ್ಪ ಪೆನ್ನು ತೆಗೆದರು. "ಬಚ್ಚಿಟ್ಟವರ ಹೆಸರು ಬರೀಬೇಕಾಗುತ್ತೆ."

"ಬೇಡಿ ಸ್ವಾಮಿ," ಎಂದಳು ಹಾಲಮ್ಮ. "ನಮ್ಮೆಜಮಾನ್ರ ಜೊತೆ ಒಂದೇ ಬುತ್ತೀಲಿ ಉಂಡೋನು."

ಮೂರ್ತಪ್ಪ 'ಮರದ ಪುಡಿಯಲ್ಲಿ ದೊರೆಯಿತು' ಎಂದಷ್ಟೇ ಬರೆದರು.

ಹರಾಜಾಗಿ ಹಣ ಕೋರ್ಟಿನಿಂದ ಹೊರಬೀಳುವಾಗ ಆಷಾಢ. ಅಂದು ನಾನೂ ಉಜ್ಜನಪ್ಪನವರೂ ಹೋಗಿದ್ದೆವು. ಪಟ್ಟಿಯಲ್ಲಿ ಭೂತಪ್ಪನ ಹೆಸರಿನ ಮುಂದೆ ಗುಮಾಸ್ತ 'ಮೃತ' ಎಂದು ಬರೆದಿದ್ದ. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಹಾಲಮ್ಮನಿಗೆ ತಿಳಿಯಲಿಲ್ಲ. ಧರ್ಮಪ್ಪ ಬೆರಳಿಟ್ಟು ಜಾಗ ತೋರಿಸಿದ.