ಸುಖವಾಗಿ ಬಾಳಿದ ಮುದುಕ

“ಈ ವಯಸ್ಸಲ್ಲಿ ಎರಡೆರಡು ಮೆಟ್ಟಿಲು ಹಾರ್ತೀಯಲ್ಲ, ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು? ನಾನೇ ತಾನೆ?”

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ತಾನು ಏನಂದೆ ಎಂಬುದು ಅವಳಿಗೆ ಹೊಳೆದದ್ದು. ಸ್ಟುಡಿಯೊದ ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಲೈಟು ಹೊತ್ತವನು ಹೊತ್ತುಕೊಂಡೇ ನಿಂತುಬಿಟ್ಟ. ಬೈಸಿಕೊಂಡ ಮುದುಕನಂತೂ ಒಂದು ಕಾಲು ಗಾಳಿಯಲ್ಲೇ ಇಟ್ಟುಕೊಂಡು ಕಕ್ಕಾಬಿಕ್ಕಿಯಾಗಿದ್ದ.

ಅರವತ್ತರ ಮುದುಕ. ನರೆತ ಹುಬ್ಬು, ಜೋತ ಕೆನ್ನೆ, ಕಣ್ಣಿನ ಸುತ್ತ ಸುಕ್ಕು. ಎಲ್ಲ ಅವಳದೇ ಕೈಗೆಲಸ. ಆದರೆ ಆ ಸುಕ್ಕಿನ ಒಳಗಿದ್ದವನಿಗೆ ಮೂವತ್ತೆರಡು ವರ್ಷ. ಅವರಿಬ್ಬರಿಗೂ ಮದುವೆಯ ಮಾತು ಹಾಗಿರಲಿ, ಹೊರಗೆ ಎಲ್ಲೋ ಕೂತು ಒಟ್ಟಿಗೆ ಒಂದು ಕಾಫಿ ಕುಡಿದ ಸಂಬಂಧವೂ ಇರಲಿಲ್ಲ.

“ಸಾರಿ, ನಿಮ್ಮನ್ನ ಅಲ್ಲ ಅಂದಿದ್ದು,” ಎಂದು ಅವಳು ನಾಲಿಗೆ ಕಚ್ಚಿಕೊಂಡಳು.

“ಮತ್ತೆ ಯಾರನ್ನ?”

“ಆ... ನಿಮ್ಮ ಮೇಲಿರೋ ಮುದುಕನ್ನ.”

“ಸರಿ, ಅವನಿಗೆ ಹೇಳ್ತೀನಿ ಬಿಡಿ,” ಎಂದವನು ಕಂಬಿ ಹಿಡಿದು, ಕೆಮ್ಮುತ್ತ, ಒಂದೊಂದೇ ಮೆಟ್ಟಿಲು ಇಳಿದು ತೋರಿಸಿದ. ಇಳಿಯುವಾಗ ಒಮ್ಮೆ ತಿರುಗಿ ನೋಡಿದ. ಮುಖವೆಲ್ಲ ಅರವತ್ತು, ಕಣ್ಣು ಮಾತ್ರ ತುಂಟ ಹುಡುಗನದು. ಅವಳಿಗೆ ಕಿವಿಯವರೆಗೂ ಬಿಸಿಯೇರಿತು.

ಅಲ್ಲಿ ತಯಾರಾಗುತ್ತಿದ್ದದ್ದು ಒಂದು ವಿಚಿತ್ರವಾದ ಪ್ರೇಮಚಿತ್ರ. ನಾಯಕಿ ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ನಾಯಕನಿಗೆ ಹತ್ತು ವರ್ಷ ಕಳೆದುಹೋಗಿರುತ್ತದೆ. ಅವಳು ಶಾಲು ತರಲು ಹೋಗುತ್ತಾಳೆ, ಬಂದಾಗ ಅವನಿಗೆ ನಲವತ್ತು. ಕಿಟಕಿ ಮುಚ್ಚಲು ಹೋಗುತ್ತಾಳೆ, ಐವತ್ತು. ಅವಳಿಗೆ ಅದು ಒಂದೇ ಒಂದು ಸಂಜೆ, ಅವನಿಗೆ ಇಡೀ ಆಯುಷ್ಯ. ಹೀಗೇಕೆ ಎಂದು ಕೇಳಿದರೆ ನಿರ್ದೇಶಕರು, “ಯಾಕೆ ಅಂತ ಪ್ರೀತೀನ ಯಾರಾದ್ರೂ ಕೇಳ್ತಾರೇನ್ರಿ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಾಯಕನಟರು ಬರುವುದು ಶೂಟಿಂಗ್ ಶುರುವಾದ ಮೇಲೆ. ಅದಕ್ಕೂ ಮುಂಚೆ ಒಂದೊಂದು ವಯಸ್ಸಿನ ಮುಖವನ್ನೂ ಯಾರ ಮೇಲಾದರೂ ಮಾಡಿ ನೋಡಬೇಕಿತ್ತು. ದವಡೆ, ಹಣೆ ಎಲ್ಲ ನಾಯಕನಟರ ಅಳತೆಗೆ ಹೊಂದುವ ಮುಖ ಯೂನಿಟ್ಟಿನಲ್ಲಿ ಇದ್ದದ್ದು ಒಂದೇ. ಅದು ಕಂಟಿನ್ಯುಟಿ ನೋಡಿಕೊಳ್ಳುವವನದು. ಹಿಂದಿನ ಶಾಟಿನಲ್ಲಿ ಲೋಟ ಯಾವ ಕೈಯಲ್ಲಿತ್ತು, ಅಂಗಿಯ ಗುಂಡಿ ಹಾಕಿತ್ತೋ ಬಿಚ್ಚಿತ್ತೋ ಎಂದು ನೆನಪಿಟ್ಟುಕೊಳ್ಳುವುದೇ ಅವನ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಜ್ಞಾಪಕ ಎಂದು ಕರೆಯುತ್ತಿದ್ದರು. ಅವಳು ಎಲ್ಲರಿಗೂ ಬಣ್ಣದ ಮೇಡಂ.

ಸುಕ್ಕು ಮಾಡುವುದು ಅವಸರದ ಕೆಲಸವಲ್ಲ. ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿಯಬೇಕು. ಹಾಲಿನಂಥ ರಬ್ಬರ್ ದ್ರವವನ್ನು ಸ್ಪಂಜಿನಿಂದ ಒತ್ತಿ, ಡ್ರೈಯರ್‌ನಿಂದ ಬಿಸಿಗಾಳಿ ಹಿಡಿಯಬೇಕು. ಒಣಗಿದ ಮೇಲೆ ಕೈ ಬಿಟ್ಟರೆ ಚರ್ಮ ತನ್ನಷ್ಟಕ್ಕೆ ಮುದುಡಿ ಸುಕ್ಕಾಗುತ್ತದೆ. ಒಣಗುವ ತನಕ ಕೂತವರು ಮಾತಾಡುವಂತಿಲ್ಲ, ನಗುವಂತಿಲ್ಲ. ಬಾಯಿ ಕಟ್ಟಿಹಾಕಿದ ಗಂಡಸಿನ ಕಣ್ಣು ಎಷ್ಟು ಮಾತಾಡುತ್ತದೆ ಎಂಬುದು ಅವಳಿಗೆ ಗೊತ್ತಾದದ್ದು ಆ ಕುರ್ಚಿಯ ಪಕ್ಕದಲ್ಲಿ ನಿಂತೇ.

ಈ ವಿದ್ಯೆ ಅವಳಿಗೆ ಬಂದದ್ದು ಚಿಕ್ಕಮ್ಮನಿಂದ. ಚಿಕ್ಕಮ್ಮನ ಕೈ ಈಗ ಬಣ್ಣಕ್ಕೆ ನಡುಗುತ್ತದೆ, ಹಾಗಾಗಿ ಕಿಟಕಿಯ ಪಕ್ಕ ಕೂತು ವಿಗ್ಗಿಗೆ ಬಿಳಿಕೂದಲು ಕಟ್ಟುತ್ತಾಳೆ. ಬಾಯಿಗೆ ಮಾತ್ರ ಯಾವ ನಡುಕವೂ ಇಲ್ಲ.

“ಸುಕ್ಕು ಸುಮ್ಮನೆ ಬರಲ್ಲ ಕಣೇ. ಮನುಷ್ಯ ಹೇಗೆ ಬದುಕಿದಾನೋ ಹಾಗೆ ಬರುತ್ತೆ. ಮೊದಲು ಅವನನ್ನ ಮಾತಾಡಿಸು, ಆಮೇಲೆ ಸ್ಪಂಜು ಮುಟ್ಟು,” ಎನ್ನುವುದು ಚಿಕ್ಕಮ್ಮನ ಪಾಠ.

ಅದರಂತೆ ಅವಳು ಅವನನ್ನು ಮಾತಾಡಿಸಿದಳು. ಕೋಪ ಬಂದರೆ ಹುಬ್ಬು ಗಂಟಿಕ್ಕುತ್ತೀರೋ, ಹಲ್ಲು ಕಚ್ಚುತ್ತೀರೋ? ಯಾವ ಮಗ್ಗುಲಲ್ಲಿ ಮಲಗುತ್ತೀರಿ? ನಿಮ್ಮ ತಂದೆಗೆ ಮೊದಲು ನರೆತದ್ದು ಮೀಸೆಯೋ ಕಿವಿಯ ಪಕ್ಕವೋ? ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಕೇಳದೆಯೂ ಬೇಕಾದಷ್ಟು ಹೇಳಿದ. ಹಾಗೆ ಅವಳು ಅವನನ್ನು ನಲವತ್ತಕ್ಕೆ ತಂದಳು, ಐವತ್ತಕ್ಕೆ ತಂದಳು, ಅರವತ್ತಕ್ಕೆ ತಂದಳು. ಆ ಮುದುಕರ ಜೊತೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. “ಸುಮ್ನೆ ಕೂರೋ ಮುದುಕ” ಎನ್ನುತ್ತಿದ್ದಳು, ಕಿವಿ ಹಿಂಡುತ್ತಿದ್ದಳು. ಸಂಜೆ ಎಣ್ಣೆ ಹಚ್ಚಿ ರಬ್ಬರ್ ಬಿಡಿಸಿ ನಿಜವಾದ ಮುಖ ಹೊರಬಂದ ಕೂಡಲೇ ಅವಳ ಬಾಯಿ ಕಟ್ಟಿಹೋಗುತ್ತಿತ್ತು. “ಟವೆಲ್ ಅಲ್ಲಿದೆ ನೋಡಿ,” ಎನ್ನುವುದಕ್ಕೂ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಮೆಟ್ಟಿಲ ಮೇಲೆ ಮರ್ಯಾದೆ ಹೋದ ದಿನ ಅವಳು ಚಿಕ್ಕಮ್ಮನ ಎದುರು ಬಂದು ಕುಸಿದಳು.

“ನನಗೆ ಯಾರ ಮೇಲೆ ಮನಸ್ಸಾಗಿದೆ ಅಂತಾನೇ ಗೊತ್ತಾಗ್ತಿಲ್ಲ ಚಿಕ್ಕಮ್ಮ. ಅವರ ಮೇಲೋ, ನಾನು ಮಾಡಿದ ಮುದುಕನ ಮೇಲೋ?”

“ಮುದುಕನ್ನ ಸಂಜೆ ಒರೆಸಿ ಹಾಕ್ತೀಯಲ್ಲ, ಆಮೇಲೆ ಯಾರು ನೆನಪಾಗ್ತಾರೆ?”

“ಇಬ್ರೂ.”

“ಹಾಗಾದ್ರೆ ನನ್ನ ತಲೆ ತಿನ್ನಬೇಡ. ಆ ಕತ್ತರಿ ಕೊಡು ಇಲ್ಲಿ.”

ಗೊಂದಲ ಅಷ್ಟಕ್ಕೇ ನಿಲ್ಲಲಿಲ್ಲ. ಮಾರನೆಯ ದಿನ ಕುರ್ಚಿಯಲ್ಲಿ ಕೂರುತ್ತಲೇ ಅವನು ಒಂದು ಸುದ್ದಿ ಹೇಳಿದ. ದೂರದ ಊರಿನಲ್ಲಿ ದೊಡ್ಡ ಧಾರಾವಾಹಿಯೊಂದು ಶುರುವಾಗುತ್ತಿದೆ, ಅವನನ್ನು ಕರೆದಿದ್ದಾರೆ, ಹೋದರೆ ಎರಡು ವರ್ಷ ಅಲ್ಲೇ. ಶನಿವಾರ ಸಂಜೆ ಅವರು ಫೋನ್ ಮಾಡುತ್ತಾರೆ, ಹೂಂ ಅಥವಾ ಊಹೂಂ ಹೇಳಿಬಿಡಬೇಕು.

“ಏನಂತೀರಿ?” ಎಂದು ಕನ್ನಡಿಯಲ್ಲಿ ಅವಳನ್ನೇ ನೋಡಿದ.

ಹೋಗಬೇಡಿ ಎನ್ನಲು ಅವಳು ಯಾರು? ಅರವತ್ತರವರೆಗೆ ಅವನ ಜೊತೆ ಬಾಳಿದವಳ ಹಾಗೆ ಅನ್ನಿಸುತ್ತದೆ, ನಿಜ. ಆದರೆ ಅವನು ಅವಳ ಜೊತೆ ಒಂದು ದಿನವೂ ಬಾಳಿಲ್ಲವಲ್ಲ.

“ಒಳ್ಳೆ ಅವಕಾಶ,” ಎಂದಳು.

“ಒಳ್ಳೆ ಅವಕಾಶಾನೇ,” ಎಂದ ಅವನು. ಆಮೇಲೆ ಅವಳು ಸ್ಪಂಜು ಹಿಡಿಯುವ ಮೊದಲೇ ಬಾಯಿ ಮುಚ್ಚಿಕೊಂಡ. ಇನ್ನೊಂದು ಸಲ ಕೇಳಬಾರದೇ ಈ ಮನುಷ್ಯ, ಎಂದು ಅವಳಿಗೆ ಸಿಟ್ಟು ಬಂತು. ಕೇಳಿದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಿದರೆ ಅದೂ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಎಪ್ಪತ್ತರ ಮುಖ ಮುಗಿಯಿತು. ಕೊನೆಯ ಮುಖ. ಚಿಕ್ಕಮ್ಮ ಬಿಳಿಯ ವಿಗ್ಗು ತೊಡಿಸಿ ಹಿಂದೆ ಸರಿದಳು. ಸೆಟ್ಟಿನ ಬೆಳಕಿನಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಕ್ಯಾಮೆರಾ ಇಟ್ಟರು. ನಿರ್ದೇಶಕರು ಮಾನಿಟರಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತರು. ಕೂತೇ ಇದ್ದರು.

“ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಇದು ಬಣ್ಣ ಅಂತ ಯಾರೂ ಹೇಳಲ್ಲ,” ಎಂದರು ಕೊನೆಗೆ. “ಆದ್ರೆ ಮೇಡಂ, ಈ ಮನುಷ್ಯ ಯಾರಿಗೂ ಕಾದಿಲ್ಲ.”

“ಅಂದ್ರೆ?”

“ನಮ್ಮ ಹೀರೋ ನಲವತ್ತು ವರ್ಷ ಒಬ್ಬನೇ ಬಾಗಿಲು ನೋಡ್ಕೊಂಡು ಕೂತವನು. ಇವನನ್ನ ನೋಡಿ. ದಿನಾ ಬೆಳಿಗ್ಗೆ ಎದ್ದು ಯಾರನ್ನೋ ನೋಡಿ ನಕ್ಕಿದಾನೆ. ಮನೇಲಿ ಯಾರೋ ಇವನ ಕಾಲೆಳೆದಿದಾರೆ, ಬೈದಿದಾರೆ, ಹೊತ್ತಿಗೆ ಸರಿಯಾಗಿ ಊಟ ಹಾಕಿದಾರೆ. ಸುಖವಾಗಿ ಸಂಸಾರ ಮಾಡಿದ ಮುದುಕ ಇವನು.”

ಯಾರೋ ನಕ್ಕರು. ಹಳೆಯ ಟ್ರಯಲ್‌ಗಳ ಫೋಟೊಗಳನ್ನು ಒಂದರ ಪಕ್ಕ ಒಂದು ಮಾನಿಟರಿಗೆ ಹಾಕಿದರು. ನಲವತ್ತು, ಐವತ್ತು, ಅರವತ್ತು, ಎಪ್ಪತ್ತು. ನಾಲ್ಕರಲ್ಲೂ ಎಡಗೆನ್ನೆಯ ಮೇಲೆ ಒಂದು ಓರೆಗೆರೆ, ವರ್ಷ ಕಳೆದಂತೆ ಆಳವಾಗುತ್ತ ಬಂದದ್ದು. ಆ ಗೆರೆಯನ್ನು ಎಲ್ಲಿಂದ ತಂದೆ ಎಂದು ಅವಳಿಗೆ ಗೊತ್ತಿತ್ತು. ನಗಬೇಡ ಎಂದಾಗ ನಗು ತಡೆದುಕೊಂಡು, ಕನ್ನಡಿಯಲ್ಲಿ ಅವಳನ್ನು ಓರೆಯಾಗಿ ನೋಡುವಾಗ ಅವನ ಕೆನ್ನೆಯಲ್ಲಿ ಮೂಡುವ ಗೆರೆ ಅದು. ಅದೇ ನೋಟವನ್ನು ನಲವತ್ತು ವರ್ಷ ನೋಡಿದರೆ ಮಾತ್ರ ಅಷ್ಟು ಆಳಕ್ಕೆ ಇಳಿಯುತ್ತದೆ. ಕಥೆ ಓದಿಯೂ, ಸೀನು ಬಾಯಿಪಾಠ ಬಂದಿದ್ದರೂ, ಅವಳು ಒಂಟಿ ಮನುಷ್ಯನೊಬ್ಬನಿಗೆ ಗೃಹಸ್ಥನ ಮುಖ ಮಾಡಿ ಕೂರಿಸಿದ್ದಳು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ತಪ್ಪು ಅವಳು ಮಾಡಿದವಳೇ ಅಲ್ಲ.

“ಮಧ್ಯಾಹ್ನದೊಳಗೆ ಇನ್ನೊಂದು ಮುಖ ಆಗುತ್ತಾ?” ಎಂದು ನಿರ್ದೇಶಕರು ಕೇಳಿದರು.

“ಆಗುತ್ತೆ,” ಎಂದಳು. ಚಿಕ್ಕಮ್ಮನ ಕಡೆ ತಿರುಗಲು ಧೈರ್ಯವಾಗಲಿಲ್ಲ.

ಮತ್ತೆ ಅದೇ ಕುರ್ಚಿ. ಅವಳು ಸುಖವನ್ನೆಲ್ಲ ಎಣ್ಣೆ ಹಚ್ಚಿ ಒರೆಸಿ ತೆಗೆದಳು. ಈ ಸಲ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಕಣ್ಣಂಚಿನ ನಗೆಗೆರೆಗಳನ್ನು ಕೈಬಿಟ್ಟಳು. ಮಾತಾಡಲು ಯಾರೂ ಇಲ್ಲದವನ ತುಟಿ ಹೇಗಿರುತ್ತದೆ ಎಂದು ಯೋಚಿಸಿ ತುಟಿಯಂಚನ್ನು ಕೆಳಗಿಳಿಸಿದಳು. ಇಂಥವನು ಮನೆಗೆ ಬಂದು ತಾನೇ ದೀಪ ಹಾಕಿಕೊಳ್ಳುತ್ತಾನೆ. ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಾನೆ. ಸದ್ದಿರಲಿ ಎಂದು ಟಿವಿ ಹಾಕಿಕೊಂಡು ಅದನ್ನು ನೋಡದೆ ಕೂರುತ್ತಾನೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಿಲ್ಲ. ಒಂದೊಂದನ್ನೂ ಯೋಚಿಸುತ್ತ, ಒಂದೊಂದನ್ನೂ ಒತ್ತುತ್ತ ಹೋದಳು. ಅವನು ಮಾತಾಡುವಂತಿರಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ನೋಡಿ ಅವನ ಕಣ್ಣು ಏನಾಯಿತು ಎಂದು ಕೇಳಿತು. ಅವಳು ತಲೆಯಾಡಿಸಿ ಬಿಸಿಗಾಳಿಯ ಮೇಲೆ ತಪ್ಪು ಹೊರಿಸಿದಳು.

ಸೆಟ್ಟಿನಲ್ಲಿ ಈ ಸಲ ಯಾರೂ ನಗಲಿಲ್ಲ. ಬಾಗಿಲ ಕಡೆ ಮುಖಮಾಡಿ ಕೂತ ಆ ಮುದುಕನನ್ನು ನೋಡಿ ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. “ಇವನೇ. ಇವನೇ ನಮ್ಮವನು,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವಳಿಗೆ ಮುಖಕ್ಕೆ ಹೊಡೆದಂತೆ ಕೇಳಿತು.

ಬಣ್ಣದ ಕೋಣೆಗೆ ವಾಪಸು ಬಂದಾಗ ಬಿಸಿಲು ಇಳಿಮುಖವಾಗಿತ್ತು. ಚಿಕ್ಕಮ್ಮ ವಿಗ್ಗು ತೆಗೆದುಕೊಂಡು, ಬೇಕೆಂದೇ ತಡವಾಗುವ ಕೆಲಸವೊಂದನ್ನು ನೆನಪಿಸಿಕೊಂಡು ಹೊರಗೆ ಹೋದಳು. ಅವನು ಫೋನನ್ನು ಕನ್ನಡಿಯ ಮುಂದೆ ಇಟ್ಟು ಕೂತ. ಇಬ್ಬರೂ ಅದನ್ನೊಮ್ಮೆ ನೋಡಿದರು.

“ಬೇಗ ತೆಗೀರಿ,” ಎಂದ ಅವನು. “ಈ ಮನುಷ್ಯನ್ನ ನೋಡೋಕಾಗ್ತಿಲ್ಲ ನನಗೆ.”

“ನನಗೆ ಮಾತ್ರ ಆಗುತ್ತಾ?”

ಎಣ್ಣೆಯಲ್ಲಿ ಹತ್ತಿ ಅದ್ದಿದಳು. ಹಣೆಯಿಂದ ಶುರುಮಾಡಿದಳು.

“ಒಂದು ಕೇಳ್ಲಾ?” ಎಂದ. “ಬೆಳಿಗ್ಗೆ ಮಾಡಿದ ಮುದುಕ ಚೆನ್ನಾಗೇ ಇದ್ದ. ಅವನನ್ನ ಯಾಕೆ ಹಾಗೆ ಮಾಡಿದ್ರಿ? ಕಥೆ ನಿಮಗೆ ಗೊತ್ತಿತ್ತಲ್ಲ.”

“ಗೊತ್ತಿತ್ತು. ಆದ್ರೆ ಅವನನ್ನ ನಾನು ಯೋಚನೆ ಮಾಡಿ ಮಾಡಿದ್ದಲ್ಲ. ನಿಮ್ಮ ಮುಖದಲ್ಲಿ ಕಾಣಿಸ್ತಿದ್ದನ್ನ ಮಾಡಿದೆ ಅಷ್ಟೇ. ಯೋಚನೆ ಮಾಡಬೇಕಾಗಿ ಬಂದಿದ್ದು ಇವನನ್ನ.” ಅವಳು ಹತ್ತಿ ಬದಲಿಸಿದಳು. “ಇವನನ್ನ ಮಾಡೋಕೆ ನಾನು ಬೆಳಗಿನ ಮುದುಕನ ಮನೆಯಿಂದ ನನ್ನನ್ನೇ ಹೊರಗೆ ಹಾಕಬೇಕಾಯ್ತು. ಅಡುಗೆಮನೆಯಿಂದ, ಊಟದ ಮೇಜಿಂದ, ಎಲ್ಲಾ ಕಡೆಯಿಂದ. ಆವಾಗಲೇ ನನಗೂ ಗೊತ್ತಾಗಿದ್ದು, ಅಲ್ಲೆಲ್ಲಾ ನಾನಿದ್ದೆ ಅಂತ.”

ಅವನು ಅಲುಗಾಡದೆ ಕೂತಿದ್ದ. ಅರ್ಧ ಹಣೆ ಮೂವತ್ತೆರಡಾಗಿತ್ತು, ಉಳಿದದ್ದು ಇನ್ನೂ ಎಪ್ಪತ್ತು.

“ನೀವು ಹೋಗಬೇಡಿ,” ಎಂದಳು. ಹೇಳಿಯೇಬಿಟ್ಟಿದ್ದೇನೆ ಎಂದು ತಿಳಿದು ಅವಳಿಗೇ ಆಶ್ಚರ್ಯವಾಯಿತು. “ನನಗಿದು ಪ್ರೀತಿನೋ, ಕೆಲಸದ ಹುಚ್ಚೋ ಒಂದೂ ಗೊತ್ತಾಗ್ತಿಲ್ಲ. ತಲೆಯೆಲ್ಲಾ ಕಲಸಿಹೋಗಿದೆ. ಆದ್ರೆ ಹೋಗಬೇಡಿ.”

ಫೋನ್ ಹೊಡೆದುಕೊಂಡಿತು.

ಅವನು ಅದನ್ನೇ ನೋಡಿದ. ಆಮೇಲೆ ಎತ್ತಿಕೊಂಡ. “ಹಾಂ ಸಾರ್, ನಮಸ್ಕಾರ... ಇಲ್ಲ ಸಾರ್, ಬರೋಕಾಗಲ್ಲ... ಸಂಬಳದ ಪ್ರಶ್ನೆ ಅಲ್ಲ ಸಾರ್... ಮನೇಲಿ ಬಿಡ್ತಿಲ್ಲ.” ಅಷ್ಟು ಹೇಳಿ ಫೋನನ್ನು ಮಗುಚಿ ಇಟ್ಟ. ಕಿವಿ ಕೆಂಪಾಗಿತ್ತು.

“ಯಾವ ಮನೆ?” ಎಂದಳು ಅವಳು, ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ತಿಳಿಯದೆ.

“ಅದನ್ನ ಇನ್ನೂ ಹುಡುಕಬೇಕು. ಹೇಳೋಕೆ ಬೇರೇನೂ ತೋಚಲಿಲ್ಲ.” ಅವನೂ ಗಂಟಲು ಸರಿಮಾಡಿಕೊಂಡ. “ಊರಿನವರ ಲೋಟ, ಗುಂಡಿ ಎಲ್ಲಾ ನೆನಪಿರುತ್ತೆ ನನಗೆ. ಇದು ನನ್ನಲ್ಲಿ ಯಾವಾಗ ಶುರುವಾಯ್ತು ಅಂತ ಕೇಳಿದ್ರೆ ಮಾತ್ರ ತಲೆ ಕೆರ್ಕೋಬೇಕು.”

ಅವಳು ಉಳಿದ ಮುಖ ಬಿಡಿಸಿದಳು. ಕೆನ್ನೆ ಬಂತು, ತುಟಿ ಬಂತು, ಗಲ್ಲ ಬಂತು. ಟವೆಲ್ಲನ್ನು ತಾನೇ ಕೈಗೆ ಕೊಟ್ಟಳು. ಎದುರಿಗಿದ್ದದ್ದು ಬರಿಯ ಮುಖ, ಒಂದು ಸುಕ್ಕೂ ಇಲ್ಲದ್ದು. ಅದರ ಮುಂದೆ ನಿಂತಾಗ ಮತ್ತೆ ಹಳೆಯ ಹೆದರಿಕೆ ಅವಳನ್ನು ಹಿಡಿಯಿತು.

“ನಲವತ್ತಕ್ಕೆ ನೀವು ಹೇಗಿರ್ತೀರಿ ಅಂತ ಗೊತ್ತು,” ಎಂದಳು. “ಎಪ್ಪತ್ತಕ್ಕೂ ಗೊತ್ತು. ಬರೋ ವರ್ಷ, ಮೂವತ್ತಮೂರಕ್ಕೆ ಹೇಗಿರ್ತೀರೋ ಅದೇ ಗೊತ್ತಿಲ್ಲ ನನಗೆ.”

“ನನಗೂ ಗೊತ್ತಿಲ್ಲ,” ಎಂದ ಅವನು ಮುಖ ಒರೆಸಿಕೊಳ್ಳುತ್ತ. “ಜೊತೆಲಿದ್ದು ನೋಡೋಣ.”