ಗೋಡೆಗೆ ನಿಲ್ಲದ ಇಟ್ಟಿಗೆ

ಆವತ್ತು ಬೆಳಿಗ್ಗೆಯೂ ಇಟ್ಟಿಗೆ ಉದುರಿ ಬಿದ್ದಿದ್ದವು. ತಾಳ್ಯದಿಂದ ಬಸ್ಸು ಹಿಡಿದು ಹೊಸದುರ್ಗಕ್ಕೆ ಬಂದ ಮಾರುತೇಶ್ ಗೇಟಿನ ಹತ್ತಿರವೇ ತಲೆ ಮೇಲೆ ಕೈ ಹೊತ್ತು ನಿಂತ.

ಇಡೀ ಇಟ್ಟಿಗೆಯಲ್ಲ ಅವು, ಬಿಸ್ಕತ್ತಿನಂಥ ಬಿಲ್ಲೆಗಳು. ಅಂಟಿನ ಪುಡಿ ಕಲಸಿ ಗೋಡೆಗೆ ಸಾಲಾಗಿ ಅಂಟಿಸಿದರೆ, ಮನೆಯನ್ನೆಲ್ಲ ಕೆಂಪಿಟ್ಟಿಗೆಯಲ್ಲೇ ಕಟ್ಟಿದಂತೆ ಕಾಣುತ್ತದೆ. ಬೆಂಗಳೂರಲ್ಲಿ ಈ ಕೆಲಸ ಕಲಿತು ಬಂದವನಿಗೆ ಊರ ಕಡೆ ಸಿಕ್ಕ ಮೊದಲ ಮನೆ ಇದು. ಇದನ್ನು ಚೆಂದವಾಗಿ ಮುಗಿಸಬೇಕು, ಮನೆ ಯಜಮಾನ ದಾಸಣ್ಣನವರ ಎದುರು ಕೂತು ಅವರ ಮಗಳನ್ನು ಕೇಳಬೇಕು. ಅವನ ಆಸೆ ಅಷ್ಟೇ. ಗೋಡೆಗೆ ಬಿಲ್ಲೆಗಳೇ ನಿಲ್ಲದಿದ್ದರೆ ಯಾವ ಮುಖ ಹೊತ್ತು ಕೇಳುವುದು?

ಆ ಮಗಳು ಬೃಂದಾ ಟೀ ತಂದಳು. ಲೋಟ ಕೊಡುವಾಗ ಅವಳು ನೋಡುವುದು ಅವನನ್ನೇ. ಅವನು ಕಣ್ಣೆತ್ತಿದ ಕೂಡಲೇ, ಗೋಡೆಯನ್ನೇ ನೋಡುತ್ತಿದ್ದವಳಂತೆ ಮುಖ ತಿರುಗಿಸಿಬಿಡುತ್ತಾಳೆ. ಇವತ್ತು ಆ ಚೆಂದವೂ ಅವನನ್ನು ರೇಗಿಸಿತು.

"ಇವತ್ತೂ ಬಿದ್ದಾವೇನ್ರಿ?"

"ಕಾಣ್ತಿಲ್ವಾ?"

"ಟೀ ಮೇಲೆ ಯಾಕ್ರಿ ಸಿಟ್ಟು? ಆರೋಗುತ್ತೆ, ಕುಡೀರಿ."

ಅಷ್ಟರಲ್ಲಿ ದಾಸಣ್ಣ ಹೊರಗೆ ಬಂದರು. "ಏನಪ್ಪ ಮಾರುತೇಶ, ದಿನಾ ಇದೇ ಆಯ್ತಲ್ಲ! ಸಾಮಾನು ಕಟ್ಟು. ದಾವಣಗೆರೆಯಿಂದ ಬೇರೆಯವರನ್ನ ಕರೆಸ್ತೀನಿ."

ಮಾರುತೇಶ್ ಬಗ್ಗಿ ಒಂದು ಬಿಲ್ಲೆಯನ್ನೆತ್ತಿ ಹಿಂಭಾಗ ಮುಟ್ಟಿದ. ಅಂಟು ಅಂಬಲಿಯಾಗಿತ್ತು.

"ಇದಕ್ಕೆ ನೀರು ಬಿಟ್ಟಿದ್ದು ಯಾರು?"

"ನಾನೇ," ಎಂದಳು ಬೃಂದಾ. "ದಿನಾ ಸಂಜೆ, ನೀವು ಹೋದ ಮೇಲೆ ಪೈಪ್ ಹಿಡೀತಿದ್ದೆ. ಈ ಮನೆ ಗೋಡೆಗೆಲ್ಲ ನೀರು ಹೊಡೆದು ಗಟ್ಟಿ ಮಾಡಿದ್ದು ನಾನೇ ಅಲ್ವಾ? ನೀವು ಮಾಡಿದ್ದನ್ನ ಹಂಗೇ ಒಣಗಾಕೆ ಬಿಡ್ಲಾ?"

"ಇದು ಒಣಗಲೇಬೇಕು ಕಣೆ! ಅಂಟು ಹಿಡಿಯೋ ತನಕ ಹನಿ ನೀರೂ ಸೋಕಬಾರ್ದು. ನನ್ನ ಒಂದ್ ಮಾತು ಕೇಳಬಾರ್ದಾ?"

ಅಪ್ಪ ಪಕ್ಕದಲ್ಲೇ ಇದ್ದಾರೆಂಬುದನ್ನು ಇಬ್ಬರೂ ಮರೆತಿದ್ದರು.

"ನೀವು ನನ್ನ ಕೇಳಿದ್ರಾ? ದಿನಾ ಬರೋದು, ಕದ್ದು ನೋಡೋದು, ಬಸ್ ಹತ್ತೋದು!"

"ಗೋಡೆ ಮುಗಿದ ಮೇಲೆ ಕೇಳಾಣ ಅಂತಿದ್ದೆ!"

"ಏನಂತ?"

"ನನ್ನ ಮದುವೆ ಆಗ್ತೀಯಾ ಅಂತ!"

ಬೃಂದಾಳ ಮುಖ ಕೆಂಪೇರಿತು. "ಅದಕ್ಕೆ ಗೋಡೆ ಯಾಕ್ರಿ ಬೇಕಿತ್ತು? ಹೂಂ ಅಂತಿದ್ದೆ," ಎಂದಳು.

ದಾಸಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಲ್ಲಿಯ ಪೈಪ್ ಕಿತ್ತು ಸುತ್ತಿ ಹೆಗಲಿಗೇರಿಸಿಕೊಂಡರು.

"ಮೊದಲು ಗೋಡೆಗೆ ಇಟ್ಟಿಗೆ ನಿಲ್ಲಿಸು. ಅದು ನಿಂತ ಮೇಲೆ ನಿಮ್ಮ ಮನೆಯವರನ್ನ ಕರ್ಕಂಡು ಬಾ, ಮಾತಾಡಾಣ. ಅಲ್ಲೀತನಕ ಇವಳು ಗೋಡೆ ಹತ್ರ ಬರಂಗಿಲ್ಲ," ಎಂದು ಮಗಳನ್ನು ಒಳಗೆ ಕರೆದೊಯ್ದರು.

ಮಾರುತೇಶನಿಗೆ ಕುಣಿಯಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬಿದ್ದ ಬಿಲ್ಲೆಗಳನ್ನೆಲ್ಲ ಕೆರೆದು, ಒರೆಸಿ, ಮತ್ತೆ ಕೆಳಗಿನ ಸಾಲಿನಿಂದ ಶುರು ಮಾಡಿದ.

ಮಧ್ಯಾಹ್ನ ಕಿಟಕಿಯ ಸರಳಿನ ಹಿಂದೆ ಅವಳ ಮುಖ ಕಂಡಿತು. "ಬೇಗ ಬೇಗ ಅಂಟಿಸ್ರಿ," ಎಂದು ಪಿಸುಗುಟ್ಟಿದಳು.

"ಬೇಗ ಅಂಟಿಸಿದ್ರೆ ಬೀಳ್ತಾವೆ ಕಣೆ," ಎಂದ ಮಾರುತೇಶ್, ಅಳು ಬಂದಂತಾಗಿ.