ದೊಡ್ಡಪ್ಪನ ಆಯ್ತು

“ಆಯ್ತು,” ಅಂದರು ದೊಡ್ಡಪ್ಪ.

ಎದುರು ಕುಳಿತಿದ್ದ ಆಫೀಸರ್ ಮೇಡಂ ಫಾರಂನಲ್ಲಿ ಖುಷಿಯಿಂದ ಒಂದು ಟಿಕ್ ಹಾಕಿದರು. ಮಧ್ಯಾಹ್ನದ ಊಟ ಹನ್ನೆರಡಕ್ಕೇ ಇರಲಿ ತಾನೇ ಅಂತ ಅವರು ಕೇಳಿದ್ದರು.

“ಮೇಡಂ, ಅದು ಆ ಆಯ್ತು ಅಲ್ಲ,” ಅಂದಳು ಪಟಪಟಿ.

ಮೇಡಂ ಪೆನ್ನು ಹಿಡಿದುಕೊಂಡೇ ತಲೆ ಎತ್ತಿದರು. ಆಯ್ತಿನಲ್ಲೂ ಬೇರೆ ಬೇರೆ ಇದೆಯಾ ಅಂತ ಕೇಳಿದರು.

ಇದೆ ಮತ್ತೆ! ಎರಡು ವರ್ಷದ ಹಿಂದೆ ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿತ್ತು. ಬಲಗೈ ಸೋತಿತು, ಬಲಗಾಲು ಬಿಗಿದುಕೊಂಡಿತು, ಮಾತು ಹೋಯಿತು. ಎಲ್ಲ ಮಾತೂ ಹೋದರೂ ಒಂದೇ ಒಂದು ಮಾತು ಎಲ್ಲೋ ಮೂಲೆಯಲ್ಲಿ ಅವಿತುಕೊಂಡು ಉಳಿಯಿತು. ಅದೇ ‘ಆಯ್ತು’. ತಲೆಯಾಡಿಸಿ ಹೇಳೋಣ ಅಂದರೆ ಅದೂ ಒಮ್ಮೊಮ್ಮೆ ಉಲ್ಟಾ. ಹೌದು ಅನ್ನಬೇಕಾದಾಗ ಅಡ್ಡಡ್ಡ ಆಡುತ್ತಿತ್ತು. ಬೇರೆಯವರು ಹೇಳಿದ್ದು ಮಾತ್ರ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಈಗ ನೀವೇ ಹೇಳಿ, ಆಯ್ತು ಅಂದರೆ ಏನು? ಸರಿ ಅಂತಲೂ ಆಯ್ತು, ಮುಗೀತು ಅಂತಲೂ ಆಯ್ತು, ಸಾಕು ಮಹಾರಾಯ ಬಿಡು ಅಂತಲೂ ಆಯ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿನ ಮಾತು ಅದು. ಕೇಳಿದವರು ತಮಗೆ ಬೇಕಾದ ಕಡೆ ಬೆಳಕು ಬಿತ್ತು ಅಂದುಕೊಂಡು ಹೋಗಿಬಿಡುತ್ತಾರೆ.

ಹೋದ ವರ್ಷ ಹಾಗೇ ಆಗಿತ್ತು. ಇಂಥವರನ್ನು ಹಗಲು ಹೊತ್ತು ನೋಡಿಕೊಳ್ಳುವ ಹಗಲು ಕೇಂದ್ರಕ್ಕೆ ಸೇರಿಸಿಕೊಳ್ಳುವಾಗ ಒಬ್ಬ ಹುಡುಗ ಫಾರಂ ಹಿಡಿದುಕೊಂಡು ಮನೆಗೆ ಬಂದಿದ್ದ. ಬೆಳಗ್ಗೆ ಏಳಕ್ಕೆ ವ್ಯಾನ್ ಬಂದರೆ ಪರವಾಗಿಲ್ಲವಾ ಅಂತ ಕೇಳಿದ. ಆಯ್ತು ಅಂದರು ದೊಡ್ಡಪ್ಪ. ಟಿಕ್. ಅವತ್ತಿನಿಂದ ಏಳಕ್ಕೆ ವ್ಯಾನ್, ಆರಕ್ಕೆ ಸ್ನಾನ, ಐದೂವರೆಗೆ ಇಡೀ ಮನೆಯಲ್ಲಿ ಗಲಾಟೆ. ಅಮ್ಮ ಒಂದು ಕಡೆ ಓಡಿದರೆ ದೊಡ್ಡಮ್ಮ ಇನ್ನೊಂದು ಕಡೆ. ಅಪ್ಪನ ಸಾಕ್ಸ್ ಒಂದು ದಿನವೂ ಜೋಡಿಯಾಗಿ ಸಿಕ್ಕಿದ್ದಿಲ್ಲ.

ದೊಡ್ಡಪ್ಪನ ಆಯ್ತುಗಳನ್ನು ಬಿಡಿಸಿ ಹೇಳುವುದು ಪಟಪಟಿಗೆ ಮಾತ್ರ ಬರುತ್ತಿತ್ತು. ಮಾತು ಶುರುವಾದರೆ ಬ್ರೇಕ್ ಇಲ್ಲ ಅಂತ ಅವಳಿಗೆ ಆ ಹೆಸರಿಟ್ಟವರೇ ದೊಡ್ಡಪ್ಪ. ಮೂವತ್ತು ವರ್ಷ ಸಿಟಿ ಬಸ್ ಓಡಿಸಿದವರಿಗೆ ಬ್ರೇಕಿನ ವಿಷಯ ಗೊತ್ತಿರುವುದಿಲ್ಲವೇ? ದೊಡ್ಡಪ್ಪ ಚುಟುಕಾಗಿ ‘ಆಯ್ತು’ ಅಂದರೆ ಬೇಡ. ಎಳೆದು ‘ಆಯ್ತೂ’ ಅಂದರೆ ಬೇಕು. ಎರಡೆರಡು ಸಲ ಅಂದರೆ ಟಿವಿ ಚಾನೆಲ್ ಬದಲಾಯಿಸು. ಮನೆಯಲ್ಲಿ ಏನೇ ಕೇಳಬೇಕಾದರೂ ಎಲ್ಲರೂ ಪಟಪಟಿಯನ್ನೇ ಕರೆಯುತ್ತಿದ್ದರು. ಅದರಿಂದ ಅವಳಿಗೆ ಸ್ವಲ್ಪ ಕೊಬ್ಬೂ ಬಂದಿತ್ತು ಅನ್ನಿ.

ಈ ಸಲ ಕೇಂದ್ರದ ಆಫೀಸಿನವರಿಗೆ ಬುದ್ಧಿ ಬಂದಿತ್ತು. ಮುಂದಿನ ವರ್ಷ ಏನು ಮಾಡಬೇಕು ಅಂತ ತಾವೇ ಕೂತು ಬರೆಯುವ ಮೊದಲು ಕೇಂದ್ರಕ್ಕೆ ಬರುವವರನ್ನೂ, ಅವರನ್ನು ನೋಡಿಕೊಳ್ಳುವವರನ್ನೂ ಕೇಳೋಣ ಅಂತ ಶನಿವಾರ ಮೀಟಿಂಗ್ ಕರೆದಿದ್ದರು. ಬರುವವರಿಗೆ ಕೆಳಗಿನ ಹಾಲ್. ನೋಡಿಕೊಳ್ಳುವವರಿಗೆ ಮೇಲಿನ ಕಂಪ್ಯೂಟರ್ ರೂಮ್. ದೊಡ್ಡಮ್ಮ ಮೇಲೆ ಹೋದರು. ಮಾತಾಡಲು ಕಷ್ಟ ಇರುವವರ ಜೊತೆ ಒಬ್ಬರು ಕೂರಬಹುದು ಅಂದಿದ್ದರಿಂದ ಪಟಪಟಿ ಕೆಳಗೆ ಉಳಿದಳು. ಗೋಡೆಯ ಮೇಲೆ ‘ನಿಮ್ಮ ಸೇವೆ, ನಿಮ್ಮ ಮಾತು’ ಅಂತ ಬ್ಯಾನರ್ ಕಟ್ಟಿದ್ದರು. ಒಂದು ಕಡೆಯ ಟೇಪ್ ಬಿಟ್ಟುಕೊಂಡು ‘ಮಾತು’ ಅನ್ನುವುದು ಮಡಚಿಹೋಗಿತ್ತು.

ಮೇಡಂ ಊಟದ ಟಿಕ್ ಮೇಲೆ ಗೀಟು ಎಳೆದರು. ಹನ್ನೆರಡು ಬೇಡ, ಒಂದು ಗಂಟೆಗೆ ಅಂತ ಪಟಪಟಿ ಹೇಳಿದ್ದನ್ನು ಬರೆದುಕೊಂಡರು. ಪಟಪಟಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಳು. ಒಂದೊಂದೇ ಪ್ರಶ್ನೆ ಬಂತು. ಒಂದೊಂದಕ್ಕೂ ದೊಡ್ಡಪ್ಪ ಆಯ್ತು ಅಂದರು, ಒಂದೊಂದನ್ನೂ ಪಟಪಟಿ ಬಿಡಿಸಿ ಹೇಳಿದಳು. ಪಕ್ಕದ ಟೇಬಲಿನ ತಾತ ಒಬ್ಬರು, ಈ ಹುಡುಗಿಯನ್ನು ನನಗೂ ಅರ್ಧ ಗಂಟೆ ಕೊಡಿ ಅಂತ ತಮಾಷೆ ಮಾಡಿದರು.

ಕೊನೆಯ ಪುಟಕ್ಕೆ ಬಂದಾಗ ಮೇಡಂ ಕನ್ನಡಕ ಸರಿಮಾಡಿಕೊಂಡರು. ಇದು ಮುಖ್ಯವಾದದ್ದು, ನಿಧಾನವಾಗಿ ಯೋಚನೆ ಮಾಡಿ ಅಂದರು. “ದಿನಾ ನೀವೇ ಇಲ್ಲಿಗೆ ಬರ್ತೀರಾ, ಅಥವಾ ನಾವು ಒಬ್ಬ ಸಹಾಯಕರನ್ನ ಮನೆಗೆ ಕಳಿಸೋದಾ? ಎರಡರಲ್ಲಿ ಒಂದು.”

ಪಟಪಟಿ ಮುಂದಕ್ಕೆ ಬಾಗಿದಳು. ದೊಡ್ಡಪ್ಪ ಮನೆಯಲ್ಲೇ ಇರಬಹುದಾ?

ಅವಳು ಸ್ಕೂಲಿಂದ ಬರುವುದು ಮೂರೂವರೆಗೆ. ಅಪ್ಪ ಅಮ್ಮ ಬರುವುದು ಏಳಕ್ಕೆ. ದೊಡ್ಡಮ್ಮ ಔಷಧಿ ಅಂಗಡಿಯಲ್ಲಿ ಕೌಂಟರ್ ಬಿಟ್ಟು ಬರುವುದು ಆರಕ್ಕೆ. ದೊಡ್ಡಪ್ಪನ ವ್ಯಾನ್ ಐದೂವರೆಗೆ. ಅಲ್ಲಿಯವರೆಗೆ ಮನೆಯಲ್ಲಿ ಅವಳೂ ಫ್ರಿಜ್ಜೂ ಇಬ್ಬರೇ. ಫ್ರಿಜ್ ಇದ್ದಕ್ಕಿದ್ದ ಹಾಗೆ ಗುರ್ ಅಂತಿತ್ತು. ಅವಳಿಗೆ ಭಯವಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಇಷ್ಟು ದೊಡ್ಡವಳಾಗಿ ಫ್ರಿಜ್ಜಿಗೆ ಹೆದರುತ್ತೇನೆ ಅಂತ ಹೇಳುವುದು ಹೇಗೆ?

“ಆಯ್ತು,” ಅಂದರು ದೊಡ್ಡಪ್ಪ.

“ಮನೆ,” ಅಂದಳು ಪಟಪಟಿ, ಅವರ ಮಾತು ಮುಗಿಯುವ ಮೊದಲೇ. “ಮನೆಗೇ ಕಳಿಸಿ ಅಂತಿದಾರೆ.”

ಮೇಡಂ ಬರೆಯತೊಡಗಿದರು. ಆಗ ದೊಡ್ಡಪ್ಪ ಎಡಗೈ ತೆಗೆದು ಫಾರಂ ಮೇಲೆ ಇಟ್ಟುಬಿಟ್ಟರು. ಆಯ್ತು ಅಂದರು. ಇನ್ನೊಮ್ಮೆ ಅಂದರು. ಅದು ಚುಟುಕಾಗಿಯೂ ಇರಲಿಲ್ಲ, ಎಳೆದೂ ಇರಲಿಲ್ಲ. ಅಂಥ ಆಯ್ತು ಪಟಪಟಿ ಕೇಳಿಯೇ ಇರಲಿಲ್ಲ.

ಏನಂತೆ ಅಂತ ಮೇಡಂ ಕೇಳಿದರು. ಪಟಪಟಿ ಕಕ್ಕಾಬಿಕ್ಕಿಯಾದಳು. ಗೊತ್ತಿಲ್ಲ ಅನ್ನುವುದಕ್ಕೆ ಅವಳಿಗೆ ಅಭ್ಯಾಸವೇ ಇರಲಿಲ್ಲ. ಥ್ಯಾಂಕ್ಸ್ ಹೇಳುತ್ತಿದ್ದಾರೆ ಅಂದುಬಿಟ್ಟಳು. ಹೇಳಿದ ಮೇಲೆ ಕಿವಿಯೆಲ್ಲ ಬಿಸಿಯಾಯಿತು. ದೊಡ್ಡಪ್ಪ ಅವಳನ್ನೇ ನೋಡುತ್ತಿದ್ದರು. ಅವಳು ಬ್ಯಾನರ್ ನೋಡಿದಳು.

ಟೀ ಬ್ರೇಕಿಗೆ ದೊಡ್ಡಮ್ಮ ಮೆಟ್ಟಿಲಿಳಿದು ಬಂದರು. ಮೇಲಿನ ಫಾರಂ ಅವರ ಕೈಯಲ್ಲೇ ಇತ್ತು. ಮೇಡಂ ಎರಡೂ ಫಾರಂ ಪಕ್ಕಪಕ್ಕ ಇಟ್ಟು ನೋಡಿ ಹುಬ್ಬು ಗಂಟಿಕ್ಕಿದರು. ಇದರಲ್ಲಿ ಮನೆ ಅಂತಿದೆ, ಅದರಲ್ಲಿ ಕೇಂದ್ರ ಅಂತಿದೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು.

ದೊಡ್ಡಮ್ಮ ಪಟಪಟಿಯ ಕಡೆ ತಿರುಗಿದರು. ಮನೆ ಅಂತ ಯಾಕೆ ಹೇಳಿದೆ ಅಂತ ಕೇಳಿದರು. ದೊಡ್ಡಪ್ಪನೇ ಹೇಳಿದ್ದು ಅಂದಳು ಪಟಪಟಿ. ಇಲ್ಲಿ ನಾಲ್ಕು ಜನ ಇರುತ್ತಾರೆ, ಕೇರಂ ಆಡುತ್ತಾರೆ, ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವುದು ಅವರಿಗೆ ಇಷ್ಟವಿಲ್ಲ ಅಂದರು ದೊಡ್ಡಮ್ಮ. ಬೆಳಗ್ಗೆ ವ್ಯಾನ್ ಹತ್ತುವಾಗ ದಿನಾ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ ಅಂದಳು ಪಟಪಟಿ. ಅದು ನಿಜವೇ. ದಿನಾ ಮಾಡಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದ್ದು ನಾನಾ ನೀನಾ ಅಂತ ಕೇಳಿದರು ದೊಡ್ಡಮ್ಮ. ಪಟಪಟಿ ಅದಕ್ಕೂ ಏನೋ ಅಂದಳು. ಮೇಡಂ ಎರಡು ಫಾರಂ ಹಿಡಿದುಕೊಂಡು, ಯಾವುದನ್ನು ಬರೆಯಲಿ ಅಂತ ಒಮ್ಮೆ ಇವರನ್ನೂ ಒಮ್ಮೆ ಅವರನ್ನೂ ನೋಡುತ್ತಿದ್ದರು.

ಆಮೇಲೆ ನೋಡಿದರೆ ದೊಡ್ಡಪ್ಪನ ಕುರ್ಚಿ ಖಾಲಿ.

ಮೂವರೂ ಬಾಗಿಲ ಕಡೆ ಓಡಿದರು. ದೊಡ್ಡಪ್ಪ ಆಗಲೇ ಕೋಲು ಊರಿಕೊಂಡು ಅಂಗಳದ ಅರ್ಧಕ್ಕೆ ಹೋಗಿದ್ದರು. ಬಲಗಾಲು ಎಳೆದು, ಕೋಲು ಊರಿ, ಮತ್ತೆ ಕಾಲು ಎಳೆದು, ಸೀದಾ ಕೇಂದ್ರದ ವ್ಯಾನಿನ ಹತ್ತಿರ. ವ್ಯಾನಿನ ಡ್ರೈವರಣ್ಣ ಬಾನೆಟ್ಟಿಗೆ ಒರಗಿಕೊಂಡು ಬಿಸ್ಕತ್ತು ತಿನ್ನುತ್ತಿದ್ದ.

“ನೋಡಿದ್ರಾ? ಮನೆಗೆ ಹೋಗ್ಬೇಕು ಅಂತಿ…” ಅಂತ ಶುರು ಮಾಡಿದ ಪಟಪಟಿ ಅಲ್ಲೇ ನಿಂತಳು.

ದೊಡ್ಡಪ್ಪ ತಾವು ದಿನಾ ಹತ್ತುವ ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಮುಂದೆ ಹೋದರು. ಡ್ರೈವರಣ್ಣನ ಪಕ್ಕದ ಸೀಟಿನ ಬಾಗಿಲನ್ನು ಎಡಗೈಯಿಂದ ತಡವಿ ತೆಗೆದರು. ಸೀಟಿನ ಮೇಲೆ ಅಂಗೈ ಇಟ್ಟರು. ಎಲ್ಲರನ್ನೂ ನೋಡಿದರು.

“ಆಯ್ತು?” ಅಂದರು.

ಅವರು ಕೇಳುತ್ತಿದ್ದರು. ಎರಡು ವರ್ಷದಲ್ಲಿ ಎಲ್ಲರೂ ಅವರನ್ನು ಕೇಳಿದ್ದೇ ಆಗಿತ್ತು. ಅವರು ಏನನ್ನಾದರೂ ಕೇಳಿದ್ದು ಪಟಪಟಿಗೆ ನೆನಪಿರಲಿಲ್ಲ. ಕೇಳಿದ್ದರೋ, ಅವಳಿಗೇ ತಿಳಿದಿರಲಿಲ್ಲವೋ. ಅವಳ ತಲೆಯೊಳಗೆಲ್ಲ ಗೋಜಲಾಯಿತು.

ಏನು ಹೇಳುತ್ತಿದ್ದಾರಮ್ಮಾ ಅಂತ ಮೇಡಂ ಮೆಲ್ಲಗೆ ಕೇಳಿದರು. ನಾಲ್ಕು ಉತ್ತರ ಪಟಪಟಿಯ ನಾಲಿಗೆಯ ತುದಿಗೇ ಬಂದು ನಿಂತವು. ಅವಳು ನಾಲ್ಕನ್ನೂ ನುಂಗಿದಳು. ಬಾಯಿಗೆ ಬೀಗ ಹಾಕಿಕೊಳ್ಳುವುದು ಅಂದರೆ ಇಷ್ಟು ಕಷ್ಟ ಅಂತ ಅವಳಿಗೆ ಗೊತ್ತಿರಲಿಲ್ಲ.

“ನಂಗೊತ್ತಿಲ್ಲ ಮೇಡಂ. ಅವ್ರನ್ನೇ ಕೇಳಿ.”

ಮಾತು ಬಿಡಿಸಿದ್ದು ಡ್ರೈವರಣ್ಣ. ಬಿಸ್ಕತ್ತಿನ ಪುಡಿ ಕೊಡವಿಕೊಂಡು ಹತ್ತಿರ ಬಂದು ಹೇಳಿದ. ಇವರ ಕಾಲು ಮಡಚುವುದಿಲ್ಲ ಅಂತ ಫಾರಂನಲ್ಲಿ ಬರೆದಿತ್ತಂತೆ. ಅದಕ್ಕೇ ಇವರಿಗೆ ಹಿಂಬಾಗಿಲ ಪಕ್ಕದ ಸೀಟು ಕೊಟ್ಟಿದ್ದು. ಕಾಲು ಚಾಚಬಹುದು. ಆದರೆ ಆ ಸೀಟಿನ ಮುಖ ಹಿಂದಕ್ಕೆ. ಕೂತವರಿಗೆ ಬಿಟ್ಟುಬಂದ ರಸ್ತೆ ಮಾತ್ರ ಕಾಣುತ್ತದೆ. “ನನ್ನನ್ನ ಹಾಗೆ ಕೂರಿಸಿದ್ರೆ ನಾನು ಎರಡನೇ ದಿನಾನೇ ಓಡಿಹೋಗ್ತಿದ್ದೆ, ಮೇಡಂ. ಇವರು ನಮ್ಮ ಥರದವರು. ರಸ್ತೆ ಕಾಣ್ಲಿಲ್ಲ ಅಂದ್ರೆ ಹೊಟ್ಟೆಗೆ ಹಾಕಿದ್ದು ನಿಲ್ಲಲ್ಲ.”

ದೊಡ್ಡಪ್ಪ ಸೀಟನ್ನು ಎರಡು ಸಲ ತಟ್ಟಿದರು.

ದೊಡ್ಡಮ್ಮ ಸೆರಗಿನ ಅಂಚು ಹಿಡಿದುಕೊಂಡು ನಿಂತುಬಿಟ್ಟರು. ವ್ಯಾನಿನ ಒಳಗೆ ನಾನು ಒಂದು ದಿನವೂ ಇಣುಕಿ ನೋಡಲಿಲ್ಲವಲ್ಲ ಅಂದರು, ಯಾರಿಗೂ ಅಲ್ಲ ಅನ್ನುವ ಹಾಗೆ.

ಮೇಡಂ ಈಗ ದೊಡ್ಡಪ್ಪನ ಎದುರಿಗೇ ಬಂದು ನಿಂತರು. ಎರಡೂ ಕೈ ಮುಂದೆ ಚಾಚಿದರು. ಈ ಕೈ ಮನೆ, ಈ ಕೈ ಕೇಂದ್ರ, ನೀವೇ ಮುಟ್ಟಿ ಅಂದರು. ದೊಡ್ಡಪ್ಪ ಬೇಗ ಮುಟ್ಟಲಿಲ್ಲ. ಪಟಪಟಿಗೆ ಮನೆಯ ಕೈ, ಮನೆಯ ಕೈ ಅಂತ ಒಳಗೊಳಗೇ ಅನ್ನಿಸುತ್ತಿತ್ತು. ದೊಡ್ಡಪ್ಪ ಕೇಂದ್ರದ ಕೈ ಮುಟ್ಟಿದರು. ಆಮೇಲೆ ಮತ್ತೆ ಮುಂದಿನ ಸೀಟು ಮುಟ್ಟಿದರು.

ಮುಂದಿನ ಸೀಟು ಅನ್ನುವುದಕ್ಕೆ ಫಾರಂನಲ್ಲಿ ಜಾಗವೇ ಇರಲಿಲ್ಲ. ಮೇಡಂ ಅದನ್ನು ತಿರುಗಿಸಿ, ಖಾಲಿ ಬೆನ್ನಿನ ಮೇಲೆ ಬರೆಯತೊಡಗಿದರು.

“ಮೇಡಂ,” ಅಂದಳು ಪಟಪಟಿ. “ಮನೆ ಅಂದಿದ್ದು ನಾನು. ಅವ್ರಲ್ಲ. ಥ್ಯಾಂಕ್ಸೂ ಅವ್ರು ಹೇಳ್ಲಿಲ್ಲ.”

ಯಾಕೆ ಅಂತ ದೊಡ್ಡಮ್ಮ ಕೇಳಿದರು. ಪಟಪಟಿ ಚಪ್ಪಲಿಯ ತುದಿ ನೋಡುತ್ತ, ಸ್ಕೂಲಿಂದ ಬಂದಾಗ ಮನೆಯಲ್ಲಿ ಯಾರೂ ಇರುವುದಿಲ್ಲ, ಭಯ ಆಗುತ್ತದೆ ಅಂದಳು. ಫ್ರಿಜ್ಜಿನ ವಿಷಯ ಮಾತ್ರ ಹೇಳಲಿಲ್ಲ. ನೀನು ಹಾಯಾಗಿ ಟಿವಿ ನೋಡಿಕೊಂಡು ಇರುತ್ತೀಯ ಅಂದುಕೊಂಡಿದ್ದೆವಲ್ಲ, ನಿನ್ನನ್ನು ಒಂದು ಸಲವೂ ಕೇಳಲಿಲ್ಲ ಅಂದರು ದೊಡ್ಡಮ್ಮ. ಮೇಡಂ ಪೆನ್ನು ನಿಲ್ಲಿಸಿದರು. ಸಂಜೆ ವ್ಯಾನ್ ಬೇಗ ಬಿಡಿಸಲು ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಇವತ್ತು ಮಾತು ಕೊಡಲಾರೆ, ಆದರೆ ಇದನ್ನೂ ಬರೆದುಕೊಳ್ಳುತ್ತೇನೆ ಅಂದರು. ದೊಡ್ಡಮ್ಮನ ಫಾರಂ ಬೆನ್ನಿಗೆ ಅದನ್ನೂ ಬರೆದುಕೊಂಡರು.

ದೊಡ್ಡಪ್ಪ ಪಟಪಟಿಯನ್ನು ಬಹಳ ಹೊತ್ತು ನೋಡಿದರು. ಆಯ್ತು ಅಂದರು, ಮೆಲ್ಲಗೆ. ಕೋಪವೋ, ಅಯ್ಯೋ ಪಾಪ ಅಂತಲೋ, ಅವಳಿಗೆ ತಿಳಿಯಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಡ್ರೈವರಣ್ಣ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಜರುಗಿಸಿದ. ಇಬ್ಬರು ಹಿಡಿದು ದೊಡ್ಡಪ್ಪನನ್ನು ಹತ್ತಿಸಿದರು. ಕಾಲು ಚಾಚಲು ಅಲ್ಲೂ ಜಾಗ ಸಿಕ್ಕಿತು. ದೊಡ್ಡಮ್ಮ ಮಧ್ಯದ ಸೀಟಿನಲ್ಲಿ ಕುಳಿತರು. ಪಟಪಟಿ ಯಾರನ್ನೂ ಕೇಳದೆ ಹಿಂಬಾಗಿಲ ಪಕ್ಕದ ಸೀಟಿಗೆ ಹೋಗಿ ಬೆಲ್ಟ್ ಹಾಕಿಕೊಂಡಳು.

ವ್ಯಾನ್ ಹೊರಟಿತು. ರಸ್ತೆ ಅವಳನ್ನು ಬಿಟ್ಟು ದೂರ ದೂರ ಓಡತೊಡಗಿತು. ಮೊದಲು ತಲೆ ಕುಲುಕಿತು, ಆಮೇಲೆ ರಸ್ತೆಯ ಉಬ್ಬು ಕಂಡಿತು. ಬ್ರೇಕ್ ಬಿದ್ದಾಗ ಯಾಕೆ ಬಿತ್ತು ಅಂತ ತಿಳಿಯಲಿಲ್ಲ. ಸೈಕಲ್ಲಿನವನೊಬ್ಬ ಪಕ್ಕದಿಂದ ಇದ್ದಕ್ಕಿದ್ದ ಹಾಗೆ ಕಾಣಿಸಿಕೊಂಡು ಹಿಂದೆ ಸರಿದುಹೋದ. ದಿನಾ ನಡೆದಾಡುವ ರಸ್ತೆಯೇ ಅದು. ಆದರೂ ಮೂರನೇ ತಿರುವು ಕಳೆಯುವಷ್ಟರಲ್ಲಿ ತಾವು ಎಲ್ಲಿದ್ದೇವೆ ಅನ್ನುವುದೇ ಅವಳಿಗೆ ತಪ್ಪಿಹೋಯಿತು. ಸೀಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

ಒಂದು ವರ್ಷ ದೊಡ್ಡಪ್ಪ ಇಲ್ಲಿ ಕುಳಿತಿದ್ದರು. ಸಂಜೆ ಇಳಿದು ಬಂದು ಬಾಗಿಲಲ್ಲೇ ನಿಂತು ಅವರು ಆಯ್ತು ಅನ್ನುತ್ತಿದ್ದರು. ಸುಸ್ತಾಗಿದೆ ಅಂತೆ ಅಂತ ಅವಳೇ ಎಲ್ಲರಿಗೂ ಹೇಳಿಬಿಡುತ್ತಿದ್ದಳು.

ಮುಂದಿನ ಸೀಟಿನಿಂದ ಈಗ ಏನೋ ಕೇಳಿಸಿತು. ದೊಡ್ಡಪ್ಪ ಆಯ್ತು ಅಂದಿದ್ದರು. ಡ್ರೈವರಣ್ಣ ನಕ್ಕ.

“ಏನಂತೆ ಪಟಪಟಿ?” ಅಂದರು ದೊಡ್ಡಮ್ಮ.

ಪಟಪಟಿ ಕತ್ತು ತಿರುಗಿಸಿ ನೋಡಿದಳು. ಸೀಟುಗಳ ಸಂದಿಯಲ್ಲಿ ದೊಡ್ಡಪ್ಪನ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು.

“ಇಲ್ಲಿಂದ ಮುಖ ಕಾಣಲ್ಲ ದೊಡ್ಡಮ್ಮ,” ಅಂದಳು. “ಇಳಿದ್ಮೇಲೆ ಕೇಳೋಣ.”